ಇಪ್ಪತ್ತರ ಮೆದುಳು, ಎಪ್ಪತ್ತರ ಮರೆವು

"ಅರುವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ವಯಸ್ಸಾದಂತೆ ಮರೆವು ಬರುವುದು ಸಹಜವೆಂದು ಹಿರಿಯರು ಅದನ್ನು ನಗುತ್ತಲೇ ಒಪ್ಪಿಕೊಂಡಿದ್ದರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವ ಅಜ್ಜ, ಮೊಮ್ಮಕ್ಕಳಲ್ಲಿ ಒಬ್ಬನನ್ನು ಕರೆಯಲು ಹೋಗಿ ನಾಲ್ವರ ಹೆಸರನ್ನೂ ಹೇಳಿ ಮುಗಿಸುವ ಅಜ್ಜಿ ಯಾವ ಮನೆಯಲ್ಲಿಲ್ಲ? ಇದರಲ್ಲಿ ಭಯಪಡುವಂಥದ್ದು ಏನೂ ಇಲ್ಲ.

ಆದರೆ ಗಾದೆ ಹೇಳದ ಇನ್ನೊಂದು ಮರೆವೂ ಇದೆ. ಅದು ಬಂದಾಗ ಅಜ್ಜಿ ಹೆಸರು ತಪ್ಪುವುದಿಲ್ಲ, ಎದುರಿಗೆ ನಿಂತ ಮಗನನ್ನೇ "ನೀವು ಯಾರು?" ಎಂದು ಕೇಳುತ್ತಾಳೆ. ನಲವತ್ತು ವರ್ಷ ಅಡುಗೆ ಮಾಡಿದ ಕೈಗೆ ಸಾರಿಗೆ ಉಪ್ಪು ಹಾಕಿದ್ದು ನೆನಪಿರುವುದಿಲ್ಲ. ದಿನವೂ ನಡೆದ ಹಾದಿಯಲ್ಲಿ ಮನೆ ಎತ್ತ ಎಂದು ತಿಳಿಯದೆ ನಿಂತುಬಿಡುತ್ತಾಳೆ. ಇದು ವಯೋಧರ್ಮವಲ್ಲ, ರೋಗ. ವೈದ್ಯರು ಇದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಅದಕ್ಕೆ ಕಾರಣವಾಗುವ ರೋಗಗಳಲ್ಲಿ ಆಲ್‌ಝೈಮರ್ ರೋಗವೇ ಮುಖ್ಯವಾದುದು.

ಹತ್ತನೆಯ ತರಗತಿಯಲ್ಲಿ ಆನುವಂಶಿಕತೆಯ ಪಾಠ ಮುಗಿಸಿದಾಗ ನಮ್ಮನ್ನು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: "ಅಜ್ಜಿಗೆ ಬಂದ ಮರೆವು ಅಪ್ಪನಿಗೂ ಬರುತ್ತದೆಯೇ? ಆಮೇಲೆ ನಮಗೂ ಬರುತ್ತದೆಯೇ?" ಕೇಳುವವರ ದನಿ ಸಾಮಾನ್ಯವಾಗಿ ತಗ್ಗಿರುತ್ತದೆ. ಪರೀಕ್ಷೆಗಾಗಿ ಕೇಳಿದ ಪ್ರಶ್ನೆ ಇದಲ್ಲವೆಂದು ನಮಗೂ ಗೊತ್ತು. ಒಂದು ವಾಕ್ಯದಲ್ಲಿ ಇದಕ್ಕೆ ಉತ್ತರಿಸುವುದು ಕಷ್ಟ. ಆದುದರಿಂದ ಈ ಸಂಚಿಕೆಯಲ್ಲಿ ತುಸು ವಿವರವಾಗಿಯೇ ನೋಡೋಣ. ಈ ರೋಗದ ಸಂಭವವನ್ನು ಹೆಚ್ಚಿಸುವ ವಂಶವಾಹಿಯೊಂದು ಇದೆ. ಅದು ಇಪ್ಪತ್ತರ ಹರೆಯದವರ ಮೆದುಳಿನಲ್ಲೇ ಕೆಲವು ಸೂಕ್ಷ್ಮ ವ್ಯತ್ಯಾಸಗಳನ್ನು ತೋರಿಸುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದರ ಅರ್ಥವೇನು, ಅರ್ಥವಲ್ಲದ್ದೇನು ಎಂಬೆರಡನ್ನೂ ತಿಳಿಯುವುದು ಅಗತ್ಯ.

ರೋಗಕ್ಕೆ ಹೆಸರು ಬಂದ ಬಗೆ

೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ ಮಹಿಳೆಯನ್ನು ಕರೆತಂದರು. ಆಕೆಯ ವಯಸ್ಸು ಐವತ್ತೊಂದು. ನೆನಪು ಕೆಡುತ್ತಿತ್ತು; ತನ್ನ ಹೆಸರನ್ನು ಬರೆಯಲು ಹೇಳಿದರೆ ಅರ್ಧದಲ್ಲೇ ಕೈ ನಿಲ್ಲುತ್ತಿತ್ತು. ಅಲ್ಲಿದ್ದ ಡಾಕ್ಟರ್ ಆಲೊಯಿಸ್ ಆಲ್‌ಝೈಮರ್ ಆಕೆಯ ಮಾತುಗಳನ್ನು ಶ್ರದ್ಧೆಯಿಂದ ಬರೆದಿಟ್ಟರು. ೧೯೦೬ರಲ್ಲಿ ಆಕೆ ತೀರಿಕೊಂಡಾಗ ಮೆದುಳಿನ ತೆಳುವಾದ ಸೀಳುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಎರಡು ಸಂಗತಿಗಳು ಅವರ ಕಣ್ಣಿಗೆ ಬಿದ್ದವು. ನರಕೋಶಗಳ ಹೊರಗೆ ಕಲೆಗಳಂತೆ ಕಟ್ಟಿಕೊಂಡ ಗಸಿ ಒಂದು. ನರಕೋಶಗಳ ಒಳಗೆ ನೂಲಿನಂತೆ ಗಂಟುಬಿದ್ದ ಎಳೆಗಳು ಇನ್ನೊಂದು. ಗಸಿಯು ಅಮಿಲಾಯ್ಡ್ ಎಂಬ ಪ್ರೋಟೀನಿನದೆಂದೂ ಗಂಟುಗಳು ಟೌ ಎಂಬ ಪ್ರೋಟೀನಿನವೆಂದೂ ಮುಂದೆ ತಿಳಿಯಿತು.

ಅದೇ ೧೯೦೬ರ ನವೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ ನಗರದಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅವರು ಈ ವಿಷಯವನ್ನು ಮಂಡಿಸಿದರು. ೧೯೧೦ರಲ್ಲಿ ಎಮಿಲ್ ಕ್ರೇಪಲಿನ್ ಎಂಬ ಹಿರಿಯ ವೈದ್ಯರು ತಮ್ಮ ಪಠ್ಯಗ್ರಂಥದಲ್ಲಿ ಈ ರೋಗಕ್ಕೆ ಆಲ್‌ಝೈಮರ್ ಅವರ ಹೆಸರನ್ನೇ ಇಟ್ಟರು.

ಇಂದು ನಮಗೆ ಇನ್ನೊಂದು ವಿಷಯ ಗೊತ್ತಾಗಿದೆ. ಮೆದುಳಿನಲ್ಲಿ ಅಮಿಲಾಯ್ಡ್ ಗಸಿ ಕಟ್ಟತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕಿಂತ ಹದಿನೈದು ಇಪ್ಪತ್ತು ವರ್ಷಗಳ ಮೊದಲು. ಎಪ್ಪತ್ತರಲ್ಲಿ ಕಾಣುವ ರೋಗ ಐವತ್ತರಲ್ಲೇ ಒಳಗೆ ಸೇರಿರಬಹುದು ಎಂದಾಯಿತು. ಮರದ ಎಲೆ ಹಳದಿಯಾಗುವ ಎಷ್ಟೋ ಮೊದಲೇ ಬೇರಿಗೆ ಹುಳ ಬಿದ್ದಿರುತ್ತದೆಂದು ತೋಟದ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಾಗಾದರೆ ಐವತ್ತಕ್ಕೂ ಮೊದಲು, ಮೂವತ್ತರಲ್ಲಿ, ಇಪ್ಪತ್ತರಲ್ಲಿ ಏನಾದರೂ ಗುರುತು ಸಿಗುತ್ತದೆಯೇ? ಈ ಪ್ರಶ್ನೆಯೇ ವಿಜ್ಞಾನಿಗಳನ್ನು ತರುಣರ ಮೆದುಳಿನತ್ತ ತಿರುಗಿಸಿತು.

ಕೊಬ್ಬನ್ನು ಹೊರುವ ಪ್ರೋಟೀನು

ಮೊದಲು ವಂಶವಾಹಿಯ ಪರಿಚಯ ಮಾಡಿಕೊಳ್ಳೋಣ. ನಮ್ಮ ಜೀವಕೋಶಗಳ ಒಳಗೆ ೨೩ ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ ಬಂದುದು, ಒಂದು ತಾಯಿಯಿಂದ ಬಂದುದು. ಆದುದರಿಂದ ಹೆಚ್ಚಿನ ಎಲ್ಲ ವಂಶವಾಹಿಗಳೂ ನಮ್ಮಲ್ಲಿ ಎರಡೆರಡು ಪ್ರತಿಗಳಿರುತ್ತವೆ. ಇವುಗಳಲ್ಲಿ ೧೯ನೆಯ ವರ್ಣತಂತುವಿನ ಮೇಲಿರುವ ಒಂದು ವಂಶವಾಹಿಗೆ ಅಪೊ-ಇ ಎಂದು ಹೆಸರು. ಇದರ ಆದೇಶದಂತೆ ದೇಹದಲ್ಲಿ ತಯಾರಾಗುವ ಪ್ರೋಟೀನಿಗೂ ಅದೇ ಹೆಸರು.

ಈ ಪ್ರೋಟೀನಿನ ಕೆಲಸವೇನು? ಹೊರೆ ಹೊರುವುದು. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಒಬ್ಬ ಹೊರೆಯಾಳು ಬೇಕು. ಮೆದುಳಿಗೆ ಕೊಲೆಸ್ಟೆರಾಲ್ ಎಂಬ ಕೊಬ್ಬಿನ ಅಗತ್ಯ ಬಹಳ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇಕಡಾ ೨ ಮಾತ್ರವಾದರೂ ದೇಹದ ಒಟ್ಟು ಕೊಲೆಸ್ಟೆರಾಲಿನಲ್ಲಿ ಸುಮಾರು ಐದನೆಯ ಒಂದು ಪಾಲು ಅಲ್ಲಿರುತ್ತದೆ. ನರಕೋಶಗಳ ಹೊದಿಕೆಗೂ ಅವುಗಳ ನಡುವಣ ಸಂಪರ್ಕಗಳ ರಚನೆಗೂ ಅದು ಬೇಕು. ಮೆದುಳಿನಲ್ಲಿ ನಕ್ಷತ್ರದ ಆಕಾರದ ಪೋಷಕ ಕೋಶಗಳು ಅಪೊ-ಇ ಪ್ರೋಟೀನನ್ನು ತಯಾರಿಸುತ್ತವೆ. ಅದು ಕೊಬ್ಬನ್ನು ಹೊತ್ತು ನರಕೋಶಗಳಿಗೆ ತಲುಪಿಸುತ್ತದೆ. ಅಮಿಲಾಯ್ಡ್ ಗಸಿಯನ್ನು ಮೆದುಳಿನಿಂದ ತೊಳೆದು ಹೊರಹಾಕುವುದರಲ್ಲೂ ಅದಕ್ಕೆ ಪಾತ್ರವಿದೆ.

ಅಪೊ-ಇ ಮೂರು ರೂಪಗಳಲ್ಲಿ ದೊರೆಯುತ್ತದೆ: ಇ-೨, ಇ-೩ ಮತ್ತು ಇ-೪. ಹೆಚ್ಚಿನ ಜನರಲ್ಲಿ ಇರುವುದು ಇ-೩. ಮೂರಕ್ಕೂ ಇರುವ ವ್ಯತ್ಯಾಸ ಎಷ್ಟು ಎಂದು ಕೇಳಿದರೆ ಆಶ್ಚರ್ಯವಾದೀತು. ಈ ಪ್ರೋಟೀನು ೨೯೯ ಅಮೈನೋ ಆಮ್ಲಗಳ ಸರ. ಸರದ ೧೧೨ನೆಯ ಮತ್ತು ೧೫೮ನೆಯ ಮಣಿಗಳಲ್ಲಿ ಮಾತ್ರ ವ್ಯತ್ಯಾಸ. ಇ-೨ರಲ್ಲಿ ಎರಡು ಕಡೆಯೂ ಸಿಸ್ಟೀನ್. ಇ-೩ರಲ್ಲಿ ಮೊದಲನೆಯದು ಸಿಸ್ಟೀನ್, ಎರಡನೆಯದು ಆರ್ಜಿನೀನ್. ಇ-೪ರಲ್ಲಿ ಎರಡೂ ಆರ್ಜಿನೀನ್. ಅಂದರೆ ಇ-೩ಕ್ಕೂ ಇ-೪ಕ್ಕೂ ನಡುವೆ ಇರುವುದು ಒಂದೇ ಒಂದು ಮಣಿಯ ವ್ಯತ್ಯಾಸ. ಅಷ್ಟರಿಂದಲೇ ಪ್ರೋಟೀನು ಮಡಿಚಿಕೊಳ್ಳುವ ರೀತಿ ಬದಲಾಗುತ್ತದೆ. ಕೊಬ್ಬು ಹೊರುವ ಕೆಲಸವೂ ಗಸಿ ತೊಳೆಯುವ ಕೆಲಸವೂ ಅಷ್ಟು ಚೆನ್ನಾಗಿ ಸಾಗುವುದಿಲ್ಲ.

೧೯೯೩ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಲನ್ ರೋಸಸ್ ಮತ್ತು ಅವರ ಸಂಗಡಿಗರು ವೃದ್ಧಾಪ್ಯದಲ್ಲಿ ಬರುವ ಆಲ್‌ಝೈಮರ್ ರೋಗಕ್ಕೂ ಇ-೪ಕ್ಕೂ ಸಂಬಂಧವಿದೆಯೆಂದು ತೋರಿಸಿಕೊಟ್ಟರು. ಇ-೪ರ ಒಂದು ಪ್ರತಿ ಇದ್ದರೆ ರೋಗದ ಸಂಭವ ಸುಮಾರು ಮೂರು ಪಟ್ಟಾಗುತ್ತದೆ, ಎರಡು ಪ್ರತಿ ಇದ್ದರೆ ಎಂಟರಿಂದ ಹನ್ನೆರಡು ಪಟ್ಟಾಗುತ್ತದೆ ಎಂಬುದು ಪಾಶ್ಚಾತ್ಯ ದೇಶಗಳ ಅಧ್ಯಯನಗಳಿಂದ ಬಂದ ಲೆಕ್ಕ. ಇ-೨ ಇದ್ದವರಿಗೆ ಸಂಭವ ಕಡಿಮೆ.

ಒಂದು ಚಿಕ್ಕ ಲೆಕ್ಕ

ಮೆಂಡೆಲನ ಬಟಾಣಿ ಗಿಡಗಳ ಪಾಠ ನೆನಪಿದೆಯಲ್ಲವೇ? ಅದನ್ನೇ ಇಲ್ಲಿ ಪ್ರಯೋಗಿಸಿ ನೋಡೋಣ. ತಂದೆಯಲ್ಲಿ ಒಂದು ಇ-೩, ಒಂದು ಇ-೪. ತಾಯಿಯಲ್ಲಿಯೂ ಒಂದು ಇ-೩, ಒಂದು ಇ-೪ ಎಂದಿರಲಿ. ಮಗುವಿಗೆ ಪ್ರತಿಯೊಬ್ಬರಿಂದ ಒಂದೊಂದು ಪ್ರತಿ ಮಾತ್ರ ಬರುತ್ತದೆ. ನಾಲ್ಕು ಮನೆಗಳ ಚೌಕ ಬರೆದು ತುಂಬಿಸಿದರೆ ಎರಡೂ ಇ-೩ ಬರುವ ಸಂಭವ ನಾಲ್ಕರಲ್ಲಿ ಒಂದು, ಒಂದು ಇ-೩ ಮತ್ತು ಒಂದು ಇ-೪ ಬರುವ ಸಂಭವ ನಾಲ್ಕರಲ್ಲಿ ಎರಡು, ಎರಡೂ ಇ-೪ ಬರುವ ಸಂಭವ ನಾಲ್ಕರಲ್ಲಿ ಒಂದು ಎಂದು ಕಾಣುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಯಿತು. ಅಜ್ಜಿಯಲ್ಲಿ ಒಂದು ಇ-೪ ಇದ್ದರೂ ಅದು ಅಪ್ಪನಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು. ಅವರ ಮೂಲಕ ಮೊಮ್ಮಗಳಿಗೆ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಬಂದರೂ ಅದು ರೋಗವಲ್ಲ, ರೋಗದ ಸಂಭವ ಮಾತ್ರ. ಇ-೪ ಇದ್ದೂ ತೊಂಬತ್ತರವರೆಗೆ ಚುರುಕಾಗಿ ಬಾಳಿದವರಿದ್ದಾರೆ. ಇ-೪ ಇಲ್ಲದೆಯೂ ರೋಗಕ್ಕೆ ತುತ್ತಾದವರಿದ್ದಾರೆ; ರೋಗಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿಯಲ್ಲಿ ಇ-೪ ಇರುವುದೇ ಇಲ್ಲ.

ಬೇರೊಂದು ಬಗೆಯ ವಂಶವಾಹಿ ದೋಷದೊಡನೆ ಹೋಲಿಸಿದರೆ ಈ ಭೇದ ಇನ್ನೂ ತಿಳಿಯಾಗುತ್ತದೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತದಲ್ಲಿ ಒಂದು ದೊಡ್ಡ ಬಂಧುವರ್ಗವಿದೆ. ಅವರಲ್ಲಿ ಪ್ರೆಸೆನಿಲಿನ್-೧ ಎಂಬ ವಂಶವಾಹಿಯ ದೋಷ ಯಾರಿಗೆ ಬಂದಿದೆಯೋ ಅವರಿಗೆ ನಲವತ್ತರ ಮಧ್ಯದಲ್ಲೇ ಮರೆವು ಆರಂಭವಾಗುತ್ತದೆ; ತಪ್ಪಿಸಿಕೊಂಡವರು ಇಲ್ಲವೆಂಬಷ್ಟು ಅಪರೂಪ. ಆದರೆ ೨೦೧೯ರಲ್ಲಿ ಅವರಲ್ಲಿಯೇ ಒಬ್ಬ ಮಹಿಳೆಯ ವಿಷಯ ಪ್ರಕಟವಾಯಿತು. ದೋಷವಿದ್ದರೂ ಎಪ್ಪತ್ತರ ವಯಸ್ಸಿನವರೆಗೆ ಆಕೆಗೆ ರೋಗ ಕಾಣಿಸಲಿಲ್ಲ. ಪರೀಕ್ಷಿಸಿದಾಗ ಆಕೆಯ ಅಪೊ-ಇ ವಂಶವಾಹಿಯ ಎರಡು ಪ್ರತಿಗಳಲ್ಲೂ ಒಂದು ಅಪೂರ್ವ ಬದಲಾವಣೆ ಕಂಡುಬಂತು. ಒಂದು ವಂಶವಾಹಿ ತಂದ ಆಪತ್ತನ್ನು ಮತ್ತೊಂದು ವಂಶವಾಹಿ ಮೂವತ್ತು ವರ್ಷ ತಡೆದಿತ್ತೆಂದು ಸಂಶೋಧಕರು ತರ್ಕಿಸಿದರು. ಅಪೊ-ಇ ಎಷ್ಟು ಪ್ರಬಲವಾದ ಕೀಲಿ ಎಂಬುದಕ್ಕೆ ಇದೇ ಸಾಕ್ಷಿ. ಅದು ಬಾಗಿಲು ತೆರೆಯಲೂ ಬಲ್ಲದು, ಮುಚ್ಚಲೂ ಬಲ್ಲದು.

ತರುಣರ ಮೆದುಳಿನಲ್ಲಿ ಕಂಡದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ಜೀವಂತ ಮೆದುಳನ್ನು ತಲೆಬುರುಡೆ ತೆರೆಯದೆ ನೋಡುವ ಯಂತ್ರಗಳು ಬಂದ ಮೇಲೆ ಆರೋಗ್ಯವಂತ ತರುಣರನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಮೂರು ಅಧ್ಯಯನಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ೨೦೦೪ರಲ್ಲಿ ಪ್ರಕಟವಾದುದು. ಅಮೆರಿಕದ ಅರಿಝೋನಾದಲ್ಲಿ ಎರಿಕ್ ರೈಮನ್ ಮತ್ತು ಸಂಗಡಿಗರು ೨೦ರಿಂದ ೩೯ ವಯಸ್ಸಿನ ಆರೋಗ್ಯವಂತರನ್ನು ಆರಿಸಿಕೊಂಡರು. ೧೨ ಮಂದಿಯಲ್ಲಿ ಇ-೪ರ ಒಂದು ಪ್ರತಿ ಇತ್ತು, ೧೫ ಮಂದಿಯಲ್ಲಿ ಇರಲಿಲ್ಲ. ಮೆದುಳು ತನ್ನ ಶಕ್ತಿಗಾಗಿ ಗ್ಲುಕೋಸ್ ಎಂಬ ಸಕ್ಕರೆಯನ್ನು ಉರಿಸುತ್ತದೆ. ಯಾವ ಭಾಗ ಎಷ್ಟು ಉರಿಸುತ್ತದೆಂದು ತೋರಿಸುವ ಪೆಟ್ ಎಂಬ ಚಿತ್ರಣದಿಂದ ನೋಡಿದಾಗ, ಇ-೪ ಇದ್ದವರಲ್ಲಿ ಮೆದುಳಿನ ಕೆಲವು ನಿರ್ದಿಷ್ಟ ಭಾಗಗಳು ಸಕ್ಕರೆಯನ್ನು ತುಸು ಕಡಿಮೆ ಬಳಸುತ್ತಿದ್ದವು. ಆಲ್‌ಝೈಮರ್ ರೋಗಿಗಳಲ್ಲಿ ಬಳಕೆ ಕುಗ್ಗುವುದೂ ಅದೇ ಭಾಗಗಳಲ್ಲಿ! ಆದರೆ ಈ ತರುಣರಲ್ಲಿ ಯಾರಿಗೂ ಮರೆವು ಇರಲಿಲ್ಲ.

ಎರಡನೆಯದು ೨೦೦೯ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ ಬಂದುದು. ಇಲ್ಲಿ ೨೦ರಿಂದ ೩೫ ವಯಸ್ಸಿನವರು. ಇ-೪ ಇದ್ದವರು ೧೮, ಇಲ್ಲದವರು ೧೮. ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಅವರಿಗೆ ನೆನಪಿಗೆ ಸಂಬಂಧಿಸಿದ ಒಂದು ಕೆಲಸವನ್ನು ಕೊಟ್ಟರು. ಮೆದುಳಿನಲ್ಲಿ ಕಿವಿಯ ಒಳಬದಿಗೆ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಕಡಲಕುದುರೆಯ ಆಕಾರವಿರುವುದರಿಂದ ಗ್ರೀಕ್ ಭಾಷೆಯಲ್ಲಿ ಅದಕ್ಕೆ ಈ ಹೆಸರು. ಹೊಸ ನೆನಪುಗಳು ಕಟ್ಟಲ್ಪಡುವುದು ಇಲ್ಲಿಯೇ. ಇ-೪ ಇದ್ದವರಲ್ಲಿ ಈ ಭಾಗ ಉಳಿದವರಿಗಿಂತ ಹೆಚ್ಚು ಚಟುವಟಿಕೆ ತೋರಿಸಿತು. ಸುಮ್ಮನೆ ಮಲಗಿದ್ದಾಗಲೂ ಮೆದುಳಿನ ಕೆಲವು ಭಾಗಗಳ ಕಾರ್ಯ ಅವರಲ್ಲಿ ಹೆಚ್ಚಾಗಿತ್ತು. ಮೆದುಳಿನ ಗಾತ್ರದಲ್ಲಿ ಮಾತ್ರ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ.

ಹೆಚ್ಚು ಕೆಲಸ ಮಾಡುವುದು ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಒಂದೇ ಗುಡ್ಡ ಹತ್ತುವ ಎರಡು ಬಸ್ಸುಗಳನ್ನು ಊಹಿಸಿಕೊಳ್ಳಿ. ಎರಡೂ ಒಂದೇ ಹೊತ್ತಿಗೆ ತುದಿ ತಲುಪುತ್ತವೆ. ಆದರೆ ಒಂದರ ಎಂಜಿನು ಹೆಚ್ಚು ಸದ್ದು ಮಾಡುತ್ತ, ಹೆಚ್ಚು ಎಣ್ಣೆ ಕುಡಿಯುತ್ತ ಹತ್ತಿದೆ. ಈ ಹೊತ್ತು ಯಾವ ತೊಂದರೆಯೂ ಇಲ್ಲ. ಐವತ್ತು ವರ್ಷ ಹೀಗೆಯೇ ಓಡಿದರೆ ಹೇಗೆ ಎಂಬುದೇ ಪ್ರಶ್ನೆ. ಇ-೪ ಇರುವ ಮೆದುಳು ಎಲ್ಲಿಯೋ ಇರುವ ಚಿಕ್ಕ ಕೊರತೆಯನ್ನು ಹೆಚ್ಚಿನ ದುಡಿಮೆಯಿಂದ ತುಂಬಿಸಿಕೊಳ್ಳುತ್ತಿರಬಹುದು ಎಂಬುದು ಒಂದು ವಿವರಣೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ನರಕೋಶಗಳು ಹೆಚ್ಚು ದುಡಿದಷ್ಟೂ ಅಮಿಲಾಯ್ಡ್ ಹೆಚ್ಚು ಸ್ರವಿಸುವುದು ಕಂಡುಬಂದಿದೆ. ಆದುದರಿಂದ ಅತಿಯಾದ ಚಟುವಟಿಕೆಯೇ ಮುಂದಿನ ಗಸಿಗೆ ಬೀಜವಾಗಬಹುದು ಎಂಬುದು ಇನ್ನೊಂದು ವಿವರಣೆ. ಎರಡೂ ಪರೀಕ್ಷೆಗೆ ಒಳಪಟ್ಟಿರುವ ಊಹೆಗಳು.

ಮೂರನೆಯದು ದಾರಿ ಹುಡುಕುವ ವಿಷಯ. ೨೦೦೫ರಲ್ಲಿ ನಾರ್ವೆ ದೇಶದ ಮೋಸರ್ ದಂಪತಿಗಳ ತಂಡ ಇಲಿಯ ಮೆದುಳಿನಲ್ಲಿ ಒಂದು ವಿಶೇಷ ಬಗೆಯ ಕೋಶಗಳನ್ನು ಕಂಡುಹಿಡಿಯಿತು. ಇಲಿ ಓಡಾಡುವ ನೆಲದ ಮೇಲೆ ಜೇನುಗೂಡಿನ ಕಣ್ಣುಗಳಂತೆ ಸಮಾನ ದೂರದ ಬಿಂದುಗಳನ್ನು ಗುರುತಿಸುತ್ತ ಇವು ಮಿಡಿಯುತ್ತವೆ. ಮೆದುಳಿನೊಳಗೆ ಇವು ಒಂದು ನಕ್ಷೆಯ ಕಾಗದವಿದ್ದಂತೆ. ಇವುಗಳಿಗೆ ಜಾಲಕ ಕೋಶಗಳೆನ್ನೋಣ. ಈ ಸಂಶೋಧನೆಗಾಗಿ ೨೦೧೪ರಲ್ಲಿ ಅವರಿಬ್ಬರಿಗೂ ಜಾನ್ ಓಕೀಫ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಈ ಕೋಶಗಳು ಇರುವ ಮೆದುಳಿನ ಭಾಗವು ಆಲ್‌ಝೈಮರ್ ರೋಗ ಬಹು ಬೇಗ ತಾಗುವ ಭಾಗಗಳಲ್ಲಿ ಒಂದು. ರೋಗಿಗಳು ಮೊದಲು ದಾರಿ ತಪ್ಪುವುದು ಏಕೆ ಎಂಬುದಕ್ಕೆ ಇಲ್ಲಿ ಸುಳಿವಿದೆ.

೨೦೧೫ರಲ್ಲಿ ಜರ್ಮನಿಯ ಸಂಶೋಧಕರು ೧೮ರಿಂದ ೩೦ ವಯಸ್ಸಿನ ತರುಣರಿಗೆ ಯಂತ್ರದ ಪರದೆಯ ಮೇಲೆ ಒಂದು ಮೈದಾನವನ್ನು ತೋರಿಸಿ, ಅಲ್ಲಲ್ಲಿ ಇದ್ದ ವಸ್ತುಗಳ ಸ್ಥಾನವನ್ನು ನೆನಪಿಟ್ಟು ಮತ್ತೆ ಹುಡುಕಲು ಹೇಳಿದರು. ಇ-೪ ಇದ್ದವರಲ್ಲಿ ಜಾಲಕ ಕೋಶಗಳ ಸಂಕೇತ ಕ್ಷೀಣವಾಗಿತ್ತು. ಅವರು ಮೈದಾನದ ನಡುವೆ ನಡೆಯುವುದಕ್ಕಿಂತ ಅಂಚನ್ನು ಹಿಡಿದು ನಡೆಯುವುದು ಹೆಚ್ಚು. ಆದರೂ ವಸ್ತುಗಳನ್ನು ಪತ್ತೆ ಮಾಡುವುದರಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಅವರ ಹಿಪೊಕ್ಯಾಂಪಸ್ ಹೆಚ್ಚು ದುಡಿದು ಕೊರತೆಯನ್ನು ತುಂಬಿತ್ತು. ಆಕ್ಸ್‌ಫರ್ಡಿನವರು ಕಂಡದ್ದಕ್ಕೆ ಇದು ಹೊಂದಿಕೊಳ್ಳುತ್ತದೆ.

ಅರ್ಥ ಮಾಡಿಕೊಳ್ಳುವಾಗ ಎಚ್ಚರ

ಇಷ್ಟನ್ನು ಓದಿ ಗಾಬರಿಗೊಳ್ಳಬಾರದು. ಮೂರು ವಿಷಯಗಳನ್ನು ಮನಸ್ಸಿನಲ್ಲಿಡಬೇಕು.

ಒಂದು: ಈ ತರುಣರೆಲ್ಲರೂ ಆರೋಗ್ಯವಂತರು. ಓದುತ್ತಿದ್ದರು, ದುಡಿಯುತ್ತಿದ್ದರು, ಪರೀಕ್ಷೆಯಲ್ಲಿ ಇತರರಷ್ಟೇ ಚೆನ್ನಾಗಿ ಉತ್ತರಿಸಿದರು. ವ್ಯತ್ಯಾಸ ಕಂಡದ್ದು ಯಂತ್ರಕ್ಕೆ, ಬದುಕಿನಲ್ಲಲ್ಲ. ಪುಸ್ತಕವನ್ನೋ ಕೊಡೆಯನ್ನೋ ಮರೆತು ಬರುವ ಹತ್ತನೆಯ ತರಗತಿಯ ಹುಡುಗನಿಗೆ ಇ-೪ ಇದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಅವನಿಗಿರುವುದು ಗಮನದ ಕೊರತೆ, ಅಷ್ಟೆ.

ಎರಡು: ಗುಂಪಿನ ಸರಾಸರಿ ಬೇರೆ, ಒಬ್ಬ ವ್ಯಕ್ತಿಯ ಭವಿಷ್ಯ ಬೇರೆ. ಈ ಅಧ್ಯಯನಗಳಲ್ಲಿ ಪಾಲ್ಗೊಂಡವರು ಕೆಲವೇ ಮಂದಿ. ಇಂಥ ಚಿತ್ರವನ್ನು ನೋಡಿ "ನಿನಗೆ ಎಪ್ಪತ್ತಕ್ಕೆ ಮರೆವು ಬರುತ್ತದೆ" ಎಂದು ಯಾವ ವೈದ್ಯನೂ ಹೇಳಲಾರ.

ಮೂರು: ಇ-೪ರ ಪ್ರಭಾವ ಎಲ್ಲ ಜನರಲ್ಲೂ ಒಂದೇ ಅಲ್ಲ. ಪಶ್ಚಿಮ ಆಫ್ರಿಕದ ನೈಜೀರಿಯಾದಲ್ಲಿ ಇಬಾದಾನ್ ಎಂಬ ಊರಿನ ವೃದ್ಧರನ್ನು ಪರೀಕ್ಷಿಸಿದಾಗ ರೋಗಕ್ಕೂ ಇ-೪ಕ್ಕೂ ಇರುವ ನಂಟು ದುರ್ಬಲವೆಂದು ಕಂಡಿತು. ನಮ್ಮ ದೇಶದ ಹರಿಯಾಣಾದ ಬಲ್ಲಭಗಢದ ಹಳ್ಳಿಗಳ ಅಧ್ಯಯನ ೨೦೦೦ರಲ್ಲಿ ಪ್ರಕಟವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದ ಜನರಿಗಿಂತ ಇಲ್ಲಿಯವರಲ್ಲಿ ಇ-೪ ಕಡಿಮೆಯೆಂದೂ, ಆದರೆ ಇದ್ದವರಲ್ಲಿ ರೋಗದೊಡನೆ ಅದರ ನಂಟು ಅಲ್ಲಿಯಂತೆಯೇ ಎಂದೂ ಅದು ತೋರಿಸಿತು.

ಹಾಗೆಂದು ಇ-೪ನ್ನು ಹಗುರವಾಗಿ ಕಾಣಲೂ ಆಗದು. ಎರಡೂ ಪ್ರತಿ ಇ-೪ ಇದ್ದವರಲ್ಲಿ ೬೫ರ ವಯಸ್ಸಿಗೆ ಬಹುತೇಕ ಎಲ್ಲರ ಬೆನ್ನುಹುರಿಯ ದ್ರವದಲ್ಲಿ ಅಮಿಲಾಯ್ಡ್ ಅಸಹಜವಾಗಿರುತ್ತದೆಂದು ೨೦೨೪ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹೇಳಿತು. ಭಯವೂ ಬೇಡ, ಉದಾಸೀನವೂ ಬೇಡ ಎಂಬುದೇ ಸರಿಯಾದ ನಿಲುವು.

ಪರೀಕ್ಷೆ ಮಾಡಿಸಬೇಕೇ?

ಪೋಷಕರಲ್ಲಿ ಕೆಲವರಿಗೆ ಈ ಪ್ರಶ್ನೆ ಬಂದೀತು. ಡಿ.ಎನ್.ಎ.ಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಅವರ ಇಡೀ ವಂಶವಾಹಿ ಸಮೂಹವನ್ನು ೨೦೦೭ರಲ್ಲಿ ಓದಿ ಮುಗಿಸಲಾಯಿತು. ಎಲ್ಲವನ್ನೂ ಪ್ರಕಟಿಸಲು ಒಪ್ಪಿದ ಅವರು ಒಂದನ್ನು ಮಾತ್ರ ತನಗೂ ಹೇಳಬಾರದೆಂದರು. ಅದು ಅಪೊ-ಇ! ಅವರ ಅಜ್ಜಿಗೆ ಆಲ್‌ಝೈಮರ್ ರೋಗವಿತ್ತು. ವಂಶವಾಹಿಗಳ ವಿಷಯದಲ್ಲಿ ಅಷ್ಟು ತಿಳಿದ ವಿಜ್ಞಾನಿಗೇ ತಿಳಿಯದಿರುವುದು ಲೇಸೆನಿಸಿತು.

ತಿಳಿದುಕೊಂಡವರೆಲ್ಲ ಕುಗ್ಗಿಹೋಗುತ್ತಾರೆಂದೂ ಅಲ್ಲ. ರೋಗಿಗಳ ಪ್ರೌಢ ಮಕ್ಕಳಿಗೆ ಸರಿಯಾದ ತಿಳಿವಳಿಕೆಯೊಡನೆ ಫಲಿತಾಂಶ ಹೇಳಿದಾಗ ಹೆಚ್ಚಿನವರು ಅದನ್ನು ಸಮಾಧಾನದಿಂದ ಸ್ವೀಕರಿಸಿದರೆಂದು ೨೦೦೯ರಲ್ಲಿ ಅಮೆರಿಕದ ಒಂದು ಅಧ್ಯಯನ ತಿಳಿಸಿತು. ಆದರೆ ಆರೋಗ್ಯವಂತರಿಗೆ, ಅದರಲ್ಲೂ ಮಕ್ಕಳಿಗೆ, ಈ ಪರೀಕ್ಷೆಯನ್ನು ವೈದ್ಯರು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ. ಫಲಿತಾಂಶ ಏನೇ ಬಂದರೂ ಮಾಡಬೇಕಾದ ಕೆಲಸ ಒಂದೇ ಆಗಿರುವುದರಿಂದ ಅವಸರವಿಲ್ಲ. ೨೦೨೩ರಲ್ಲಿ ಅಮೆರಿಕದಲ್ಲಿ ಪೂರ್ಣ ಮಂಜೂರಾತಿ ಪಡೆದ ಲೆಕನೆಮ್ಯಾಬ್ ಎಂಬ ಔಷಧಿಯನ್ನು ರೋಗಿಗೆ ಕೊಡುವ ಮೊದಲು ಮಾತ್ರ ಈ ಪರೀಕ್ಷೆಗೆ ಬೆಲೆಯಿದೆ; ಎರಡು ಇ-೪ ಇರುವವರಿಗೆ ಅದರಿಂದ ಮೆದುಳಿನಲ್ಲಿ ಊತ, ರಕ್ತಸ್ರಾವ ಆಗುವ ಅಪಾಯ ಹೆಚ್ಚು.

ನಮ್ಮ ಕೈಯಲ್ಲಿರುವುದು

ವಂಶವಾಹಿಯನ್ನು ನಾವು ಬದಲಿಸಲಾರೆವು. ಹಾಗಾದರೆ ನಾವು ಮಾಡಬಹುದಾದುದೇನು? ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಳಿಯು ಬದಲಿಸಬಹುದಾದ ೧೪ ಕಾರಣಗಳನ್ನು ಪಟ್ಟಿ ಮಾಡಿ, ಇವನ್ನೆಲ್ಲ ನೀಗಿಸಿದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಶೇಕಡಾ ೪೫ರಷ್ಟನ್ನು ತಡೆಯಲೋ ಮುಂದೂಡಲೋ ಸಾಧ್ಯವೆಂದು ಅಂದಾಜು ಮಾಡಿತು. ಆ ಪಟ್ಟಿಯ ಮೊದಲ ಕಾರಣ ಯಾವುದು ಗೊತ್ತೇ? ಬಾಲ್ಯದಲ್ಲಿ ವಿದ್ಯೆಯ ಕೊರತೆ! ಆಮೇಲೆ ಬರುವವು ಕಿವುಡುತನ, ಕೆಟ್ಟ ಕೊಲೆಸ್ಟೆರಾಲ್, ಖಿನ್ನತೆ, ತಲೆಗೆ ಪೆಟ್ಟು, ವ್ಯಾಯಾಮವಿಲ್ಲದಿರುವುದು, ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದ ಒತ್ತಡ, ಬೊಜ್ಜು, ಮದ್ಯಪಾನ, ಒಂಟಿತನ, ವಾಯುಮಾಲಿನ್ಯ, ಚಿಕಿತ್ಸೆ ಪಡೆಯದ ದೃಷ್ಟಿದೋಷ.

ವಿದ್ಯೆಯ ಮಾತು ಬಂದುದರಿಂದ ಒಂದು ಸ್ವಾರಸ್ಯದ ಅಧ್ಯಯನವನ್ನು ಹೇಳಬೇಕು. ೧೯೮೬ರಲ್ಲಿ ಅಮೆರಿಕದ ಡೇವಿಡ್ ಸ್ನೋಡನ್ ಎಂಬವರು ಕ್ರೈಸ್ತ ಸನ್ಯಾಸಿನಿಯರ ಅಧ್ಯಯನವನ್ನು ಆರಂಭಿಸಿದರು. ೬೭೮ ಮಂದಿ ಅದರಲ್ಲಿ ಪಾಲ್ಗೊಂಡರು. ಮರಣಾನಂತರ ತಮ್ಮ ಮೆದುಳನ್ನು ದಾನ ಮಾಡಲೂ ಒಪ್ಪಿದರು. ಮಠಕ್ಕೆ ಸೇರುವಾಗ, ಸುಮಾರು ೨೨ರ ವಯಸ್ಸಿನಲ್ಲಿ, ಅವರು ಬರೆದುಕೊಟ್ಟ ಚಿಕ್ಕ ಆತ್ಮಕಥೆಗಳು ಅಲ್ಲಿ ಜೋಪಾನವಾಗಿದ್ದವು. ತರುಣಿಯರಾಗಿದ್ದಾಗ ಒಂದೊಂದು ವಾಕ್ಯದಲ್ಲಿ ಹೆಚ್ಚು ವಿಚಾರಗಳನ್ನು ಹೆಣೆದು ಬರೆದವರಿಗೆ ಮುಪ್ಪಿನಲ್ಲಿ ಮರೆವು ಕಡಿಮೆ ಎಂದು ೧೯೯೬ರಲ್ಲಿ ಅವರು ಪ್ರಕಟಿಸಿದರು. ಅವರಲ್ಲಿ ಒಬ್ಬ ಸನ್ಯಾಸಿನಿ ೧೦೧ ವರ್ಷ ಬಾಳಿ ಕೊನೆಯವರೆಗೂ ಚುರುಕಾಗಿದ್ದರು. ಆದರೆ ಮರಣಾನಂತರ ನೋಡಿದರೆ ಮೆದುಳಿನಲ್ಲಿ ಗಸಿಯೂ ಗಂಟುಗಳೂ ಹೇರಳ! ಗಸಿ ಇದ್ದರೂ ಕೆಲಸ ನಡೆಸುವಷ್ಟು ಮೂಲಧನ ಆ ಮೆದುಳಿನಲ್ಲಿ ಕೂಡಿತ್ತು. ಎಳವೆಯಲ್ಲಿ ಕೂಡಿಟ್ಟದ್ದು ಮುಪ್ಪಿಗೆ ಒದಗಿತು.

ಗಡಿನಾಡಿನ ನಮಗೆ ಹೆಮ್ಮೆಯೆನಿಸುವ ಇನ್ನೊಂದು ವಿಷಯ. ೨೦೧೩ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ೬೪೮ ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಬಹುಭಾಷೆಯೇ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗುವುದಿಲ್ಲ ಎಂಬುದು ನಿಜ. ಆದರೂ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯಾಪಾರ ಮಾಡುವ ಕಾಸರಗೋಡಿನ ಮಕ್ಕಳು ಇದನ್ನು ಹೊರೆಯೆಂದು ಭಾವಿಸದಿರಲು ಇದೊಂದು ಕಾರಣವಾಗಲಿ.

ಇ-೪ ಇದ್ದವರಿಗೂ ಇಂಥ ಪ್ರಯತ್ನ ಫಲ ಕೊಡುತ್ತದೆಯೇ? ಫಿನ್ಲೆಂಡಿನಲ್ಲಿ ೬೦ ದಾಟಿದ ೧,೨೬೦ ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಹಿತವಾದ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದ ಒತ್ತಡದ ನಿಗಾ ಇವೆಲ್ಲವನ್ನೂ ಒದಗಿಸಿದರು. ೨೦೧೫ರಲ್ಲಿ ಬಂದ ಫಲಿತಾಂಶದಲ್ಲಿ ಆ ಗುಂಪಿನವರ ಬುದ್ಧಿಶಕ್ತಿ ಮೇಲಾಗಿತ್ತು. ಇ-೪ ಇದ್ದವರಿಗೂ ಅದರ ಪ್ರಯೋಜನ ದೊರೆತಿತ್ತೆಂದು ೨೦೧೮ರಲ್ಲಿ ತಿಳಿಯಿತು. ಇದಕ್ಕಿಂತ ಸಮಾಧಾನದ ಸುದ್ದಿ ಬೇರೆ ಬೇಕೇ?

ತಲೆಯ ರಕ್ಷಣೆಯ ಬಗ್ಗೆಯೂ ಒಂದು ಮಾತು. ಅಮೆರಿಕದ ೩೦ ಮುಷ್ಟಿಯುದ್ಧಪಟುಗಳ ಅಧ್ಯಯನ ೧೯೯೭ರಲ್ಲಿ ಪ್ರಕಟವಾಯಿತು. ಹೆಚ್ಚು ಪಂದ್ಯ ಆಡಿದವರಲ್ಲಿ ಇ-೪ ಇದ್ದವರ ಮೆದುಳಿಗೆ ಹೆಚ್ಚು ಹಾನಿಯಾಗಿತ್ತು. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ ಧರಿಸಬೇಕೆಂದು ನಾವು ಪ್ರಾರ್ಥನಾ ಸಭೆಯಲ್ಲಿ ಮತ್ತೆ ಮತ್ತೆ ಹೇಳುವುದು ಪೊಲೀಸರ ಭಯಕ್ಕಾಗಿ ಅಲ್ಲ.

ಮನೆಯ ಹಿರಿಯರಿಗಾಗಿ

ಭಾರತದಲ್ಲಿ ೬೦ ದಾಟಿದವರಲ್ಲಿ ಶೇಕಡಾ ೭.೪ರಷ್ಟು, ಅಂದರೆ ಸುಮಾರು ೮೮ ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಇದು ಹೆಚ್ಚು. ನಮ್ಮ ಜನರ ಮೆದುಳು ಮುಪ್ಪಿನಲ್ಲಿ ಹೇಗೆ ಬದಲಾಗುತ್ತದೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ೪೫ ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಳ ಕಾಲ ಗಮನಿಸುವ ಯೋಜನೆಯನ್ನು ಕೈಗೊಂಡಿದೆ.

ಮನೆಯ ಹಿರಿಯರ ಮರೆವು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವಷ್ಟು ಬೆಳೆದರೆ "ವಯಸ್ಸಾಯಿತು" ಎಂದು ಬಿಟ್ಟುಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಆಲ್‌ಝೈಮರ್ ರೋಗವೇ ಆಗಿದ್ದರೆ ಗುಣಪಡಿಸುವ ಔಷಧಿ ಇಲ್ಲ; ಆದರೆ ಪ್ರೀತಿಗೆ ಕೊರತೆಯಾಗಬೇಕಾಗಿಲ್ಲ. ಅಜ್ಜ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲ ಉತ್ತರಿಸಬೇಕು. ಹನ್ನೊಂದನೆಯ ಸಲವೂ ಅವರಿಗೆ ಅದು ಹೊಸ ಪ್ರಶ್ನೆಯೇ. ನೆರೆಹೊರೆಯವರೆದುರು ಅವರ ಮರೆವನ್ನು ನಗೆಚಾಟಿಕೆ ಮಾಡಬಾರದು. ಸೊಸೆಯೊಬ್ಬಳ ಮೇಲೆ ಎಲ್ಲ ಹೊರೆಯನ್ನೂ ಹೊರಿಸಬಾರದು.

ಇನ್ನು, ದನಿ ತಗ್ಗಿಸಿ ಕೇಳಿದ ಆ ಪ್ರಶ್ನೆಗೆ ಉತ್ತರ. ಅಜ್ಜಿಯಿಂದ ನಿಮಗೆ ಬಂದಿರಬಹುದಾದದ್ದು ಒಂದು ಸಂಭವ ಮಾತ್ರ, ಅದೂ ಬಂದಿದ್ದರೆ. ಅದು ತೀರ್ಪಲ್ಲ. ತರುಣರ ಮೆದುಳಿನಲ್ಲಿ ಕಂಡ ಸೂಕ್ಷ್ಮ ಗುರುತುಗಳು ನಮ್ಮನ್ನು ಹೆದರಿಸಲು ಬಂದವಲ್ಲ. ಮುಪ್ಪಿನ ಆರೋಗ್ಯದ ಬೀಜ ಬಿತ್ತುವ ಕಾಲ ಮುಪ್ಪಲ್ಲ, ಹರೆಯ ಎಂದು ನೆನಪಿಸಲು ಬಂದವು. ಓದಿ, ಆಡಿ, ನಾಲ್ಕು ಭಾಷೆಯಲ್ಲಿ ಮಾತಾಡಿ, ಬೀಡಿ ಸಿಗರೇಟು ಮದ್ಯಗಳಿಂದ ದೂರವಿದ್ದು, ಹಿರಿಯರ ಬಳಿ ಕುಳಿತು ಅವರ ಕತೆ ಕೇಳಿ. ಅವರಿಗೆ ಮರೆತುಹೋಗುವ ಮೊದಲು ಅದು ನಿಮ್ಮ ನೆನಪಿನಲ್ಲಿ ಸೇರಲಿ.

ಅಭ್ಯಾಸಕ್ಕಾಗಿ

೧. ಸಹಜ ಮರೆವಿಗೂ ಡಿಮೆನ್ಶಿಯಾಕ್ಕೂ ಇರುವ ವ್ಯತ್ಯಾಸವನ್ನು ಎರಡು ಉದಾಹರಣೆಗಳೊಡನೆ ಬರೆಯಿರಿ.

೨. ತಂದೆಯಲ್ಲಿ ಎರಡೂ ಇ-೩, ತಾಯಿಯಲ್ಲಿ ಒಂದು ಇ-೩ ಮತ್ತು ಒಂದು ಇ-೪ ಇದ್ದರೆ ಮಕ್ಕಳಲ್ಲಿ ಯಾವ ಯಾವ ಜೋಡಿಗಳು ಬರಬಹುದು? ಚೌಕ ಬರೆದು ತೋರಿಸಿರಿ.

೩. ಇ-೪ 'ಸಂಭವ'ವನ್ನು ಹೆಚ್ಚಿಸುತ್ತದೆ ಎನ್ನುವುದಕ್ಕೂ ರೋಗವನ್ನು 'ತರುತ್ತದೆ' ಎನ್ನುವುದಕ್ಕೂ ಏನು ಭೇದ? ಕೊಲಂಬಿಯಾದ ಬಂಧುವರ್ಗದೊಡನೆ ಹೋಲಿಸಿ ವಿವರಿಸಿರಿ.

೪. ನಿಮ್ಮ ಮನೆಯ ಅತ್ಯಂತ ಹಿರಿಯರಿಂದ ಅವರ ಬಾಲ್ಯದ ಒಂದು ಘಟನೆಯನ್ನು ಕೇಳಿ, ಅವರಾಡಿದ ಭಾಷೆಯಲ್ಲೇ ಬರೆದು ತನ್ನಿರಿ.